ಬಾಗಿಲಿಗೆ ಮುಖವಾದ ಕುರ್ಚಿ

ಖಡಕಿ ಬಜಾರು, ಹೊಲಿಗೆ ಕ್ಲಾಸಿನ ಹಿಂದಿನ ಕೋಣೆ.
ಎಂಟು ಜನ ನಾವು. ಗೋಡೆಗೆ ಸರಿಸಿದ ಮಷೀನುಗಳು,
ನೆಲದ ತುಂಬ ದಾರದ ತುಣುಕು.
ಡಾಕ್ಟರ್ ಫಿರೋಜಾ ಕಾಂಗಾ ಹಲಗೆಯ ಮೇಲೆ
ಬರೆದದ್ದು ಒಂದೇ ಸಾಲು, ಅದನ್ನೂ ಅಡ್ಡ ಹೊಡೆದರು:
‘ನನಗೆ ಅರ್ಥವಾಗುತ್ತದೆ.’

ಇದನ್ನು ಹೇಳಬೇಡಿ, ಅಂದರು. ಆಗುವುದಿಲ್ಲ ನಿಮಗೆ.

ಕಾಲೇಜು ಹುಡುಗ ಓಂಕಾರ ಕೈಯೆತ್ತಿದ:
ಬಂದೂಕಿನ ಬಗ್ಗೆ ಕೇಳಬಹುದಾ ಮ್ಯಾಡಮ್?
ಊರ ಬಾವಿಯ ಬಗ್ಗೆ ಕೇಳು, ಅಂದರು.
ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ
ನಾಲ್ಕು ನಿಮಿಷ ಸುಮ್ಮನಿರಿಸಿದರು.
ಮೂವತ್ತೊಂದು ವರ್ಷ ಅಂಚೆ ಕಚೇರಿಯ ಜಾಲರಿಯ ಹಿಂದೆ
‘ಮುಂದಿನವರು’ ಎನ್ನುತ್ತಾ ಸವೆದ ನಾಲಿಗೆ ನನ್ನದು.
ಎರಡನೇ ನಿಮಿಷಕ್ಕೇ ಬೆವರಿದೆ.

*

ನಿಮ್ಮ ಭಾಷೆಯವರು ಎಂದು ನನಗೆ ಕೊಟ್ಟ ಚೀಟಿ:
ಹವಾಲ್ದಾರ್ ರಾಚಪ್ಪ ಹಲಗಲಿ, ಘೋರ್ಪಡಿ,
ರೈಲು ಹಳಿಯ ಪಕ್ಕದ ಚಾಳು, ಮೇಲಿನ ಮಹಡಿ.
ಬಾಗಿಲು ತೆರೆದ ಚಂಪವ್ವ ಪಿಸುಗುಟ್ಟಿದಳು:
‘ನಿದ್ದ್ಯಾಗ ಹಿಂದಿ ಮಾತಾಡ್ತಾರ್ರೀ.
ಎದ್ದಮ್ಯಾಲೆ ಯಾವ ಭಾಷೀನೂ ಇಲ್ಲ.’

ಮೊದಲ ಗುರುವಾರ ತಪ್ಪು ಕುರ್ಚಿಯಲ್ಲಿ ಕೂತೆ.
ಇದ್ದದ್ದು ಎರಡೇ; ಒಂದು ಬಾಗಿಲಿಗೆ ಮುಖವಾಗಿತ್ತು,
ಗಾಳಿ ಬರುತ್ತದೆಂದು ಅದನ್ನೇ ಎಳೆದುಕೊಂಡೆ.
ಅವರು ಕೂರಲಿಲ್ಲ. ಮುಕ್ಕಾಲು ಗಂಟೆ
ಗೋಡೆಗೆ ಬೆನ್ನು ಕೊಟ್ಟು ನಿಂತೇ ಇದ್ದರು,
ಕಣ್ಣು ಚಿಲಕದ ಮೇಲೆ.
ಹಿಂತಿರುಗುವ ಬಸ್ಸಿನಲ್ಲಿ ಹೊಳೆಯಿತು. ಟಿಕೇಟನ್ನು ಚೂರು ಚೂರು ಮಾಡಿದೆ.

ಎರಡನೇ ಗುರುವಾರ ಸರಿಯಾದ ಕುರ್ಚಿ, ತಪ್ಪು ಮಾತು:
ದೇಶ ನಿಮ್ಮನ್ನು ಮರೆಯುವುದಿಲ್ಲ, ಅಂದೆ.
‘ನಾ ಮರೀಬೇಕಾಗೇತ್ರಿ,’ ಅಂದರು.

ರೈಲಿಗೆ ಅವರು ಬೆಚ್ಚುವುದಿಲ್ಲ.
ಗಾಡಿ ದಾಟಿ, ಗೂಡಿನ ಲೋಟಗಳು ನಡುಗುವುದು ನಿಂತ ಮೇಲೆ
ಬರುತ್ತದಲ್ಲ ಒಂದು ಮೌನ,
ಅದಕ್ಕೆ ಹೆಗಲು ಬಿಗಿಯುತ್ತವೆ.
ಸರಿಯಾಗಿ ಆ ಹೊತ್ತಿಗೆ ಚಂಪವ್ವ
ಸೌಟಿನಿಂದ ಪಾತ್ರೆಯಂಚನ್ನು ಮೆಲ್ಲಗೆ ಬಡಿಯುತ್ತಾಳೆ, ಬೇಕೆಂದೇ.
ಅವಳಿಗೆ ಯಾರೂ ತರಬೇತಿ ಕೊಟ್ಟದ್ದಲ್ಲ.
ಡಾಕ್ಟರಿಗೆ ಹೇಳಿದೆ. ಅವರು ಬರೆದುಕೊಂಡರು.

*

ಏಳನೆಯದೋ ಎಂಟನೆಯದೋ ಗುರುವಾರ
ಬಾವಿಯ ಮಾತೆತ್ತಿದೆ.
ಬಹಳ ಹೊತ್ತು ಏನೂ ಇಲ್ಲ. ನಾನು ಎಣಿಸಲಿಲ್ಲ.
‘ಮೆಟ್ಟಿಲ ಬಾವಿ,’ ಅಂದರು. ‘ಆಮಿ ಇತ್ತು ಒಂದು.’
ಇನ್ನೂ ಸ್ವಲ್ಪ ಹೊತ್ತು.
‘ಅದರ ಬೆನ್ನ ಮ್ಯಾಲೆ ನಮ್ಮಣ್ಣ ಸುಣ್ಣದ್ಲೆ
ಮನಿ ನಂಬರ್ ಬರದಿದ್ದ.
ಎಲ್ಲಿ ಮುಣಗಿದ್ರೂ ತಿರುಗಿ ಬರ್ಲಿ ಅಂತ.’

ಬಂತಾ?
ಕೇಳಲಿಲ್ಲ. ಹಲ್ಲು ಕಚ್ಚಿ ಕೂತೆ.

ಆಮೆಯಿಂದ ಎಲ್ಲಿಗೋ ದಾರಿ ಹಿಡಿದು
ಒಂದು ಹೆಸರು ಹೇಳಿದರು, ಹಿಮದ ಒಂದು ಠಾಣೆ,
ಎಡಗೈಯ ಒಂದು ಗವಸು.
ಮುಂದಿನದನ್ನು ಇಲ್ಲಿ ಬರೆಯುವುದಿಲ್ಲ.
ಅದು ನನ್ನದಲ್ಲ.

ಕೇಳಿದ್ದನ್ನು ಹೊತ್ತುಕೊಂಡು ಮಲಗಬೇಡಿ,
ಯಾರಿಗಾದರೂ ಫೋನ್ ಮಾಡಿ ಎಂಬುದು ಡಾಕ್ಟರ ಕಟ್ಟಪ್ಪಣೆ.
ಬಸ್ ಸ್ಟಾಪಿನಲ್ಲಿ ನಿಂತು ಓಂಕಾರನಿಗೆ ಮಾಡಿದೆ.
ಹತ್ತೊಂಬತ್ತರ ಹುಡುಗ, ಏನಾಯಿತೆಂದು ಕೇಳಲಿಲ್ಲ.
ಎರಡು ಬಸ್ಸು ಹೋಗುವ ತನಕ
ಆ ತುದಿಯಲ್ಲಿ ಉಸಿರಾಡುತ್ತಾ ಇದ್ದ.

ವರದಿಯ ಹಾಳೆಯಲ್ಲಿ ‘ಸುಧಾರಣೆ’ ಎಂದೊಂದು ಕಾಲಂ.
ಬರೆದೆ: ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳಿದರು.

*

ಕುರ್ಚಿ ಇನ್ನೂ ಬಾಗಿಲಿಗೇ ಮುಖ ಮಾಡಿದೆ.
ಅದನ್ನು ತಿರುಗಿಸುವುದು ನನ್ನ ಕೆಲಸವಲ್ಲ.
ನಾನು ಬರುವುದು ಮೆಟ್ಟಿಲ ಬುಡದಿಂದಲೇ ಗೊತ್ತಾಗುತ್ತದಂತೆ,
ಚಪ್ಪಲಿ ಸಪ್ಪಳದಿಂದ.
ಮಗ ಕೊಡಿಸಿದ ಮೆತ್ತನೆಯ ಬೂಟು ಮನೆಯಲ್ಲೇ ಇದೆ.
ಗುರುವಾರ ಹಳೇ ಕೊಲ್ಹಾಪುರಿ ಮೆಟ್ಟಿ,
ಪ್ರತಿ ಮೆಟ್ಟಿಲನ್ನೂ ಒಂದಿಷ್ಟು ಜೋರಾಗಿಯೇ ತುಳಿದು
ಹತ್ತುತ್ತೇನೆ.