ಬೆರಳು ಬಿಸಿ

ನಂದಿಬೆಟ್ಟದ ಕಡೆಯಿಂದ ಇಳಿದ ಮಾಗಿಯ ಮಂಜು
ಚಿಕ್ಕಬಳ್ಳಾಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ನನ್ನ ಅಂಗಡಿಯ ತಗಡಿನಿಂದ ತೊಟ್ಟಿಕ್ಕುತ್ತದೆ, ತಾಳ ತಪ್ಪಿ.
ಬೀಗ ತೆಗೆಯುವಾಗಲೇ ಗೊತ್ತಾಗುತ್ತದೆ
ಇವತ್ತು ಬೆರಳು ಹೇಳಿದ ಮಾತು ಕೇಳುವುದಿಲ್ಲ.

ಹತ್ತಕ್ಕೆ ಕಚೇರಿ.
ಒಂಬತ್ತರಿಂದ ಹತ್ತು ನನ್ನದು.

ಜೆರಾಕ್ಸಿನ ಹುಡುಗ ಮುದಸ್ಸಿರ್ ಹೋದ ಯುಗಾದಿಗೆ
ಕಂಪ್ಯೂಟರಿಗೆ ಹಾಕಿಕೊಟ್ಟ ಆಟ:
ಪರದೆಯ ಮೇಲೆ ನಾಲ್ಕು ಓಣಿ, ಓಣಿ ತುಂಬ
ಹಾಡಿನ ಗತ್ತಿಗೆ ಬೀಳುವ ಬಿಲ್ಲೆಗಳು.
ಬಿಲ್ಲೆ ಗೆರೆ ಮುಟ್ಟುವ ಗಳಿಗೆಗೆ ಕೀಲಿ ಒತ್ತಬೇಕು,
ಡಿ, ಎಫ್, ಜೆ, ಕೆ,
ಮುಂಚೆಯೂ ಅಲ್ಲ, ಆಮೇಲೂ ಅಲ್ಲ.
"ಸ್ಪೀಡ್ ಜಾಸ್ತಿ, ನಿಮಗಾಗಲ್ಲ ಆಂಟಿ" ಅಂದಿದ್ದ.
ಅದೇ ಕೀಲಿಗಳ ಮೇಲೆ
ಮೂವತ್ತು ವರ್ಷ ಅನ್ನ ದುಡಿದವಳು ನಾನು.

ಆದರೆ ಮೊದಲು ಕೈ ಕಾಯಬೇಕು.

ಸ್ಟೀಲ್ ಲೋಟದ ಟೀ ಎರಡು ಅಂಗೈಗಳ ನಡುವೆ, ಕುಡಿಯಲಿಕ್ಕಲ್ಲ.
ಹಬೆ ಕನ್ನಡಕಕ್ಕೆ ಕೂತು ಎದುರಿನ ಬೋರ್ಡು ಅಳಿಸುವ ತನಕ.
ಮುಷ್ಟಿ ಕಟ್ಟು, ಬಿಡು.
ರಾಗಿ ಬೀಸಿದ ಹಾಗೆ ಮಣಿಕಟ್ಟು ಎಡಕ್ಕೆ, ಬಲಕ್ಕೆ.
ಹೆಬ್ಬೆರಳಿಗೆ ಒಂದೊಂದೇ ಬೆರಳು ತಾಗಿಸು:
ತೋರುಬೆರಳು ಚೂಟಿ, ನಡುಬೆರಳು ಯಜಮಾನ,
ಉಂಗುರದ ಬೆರಳು ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗ,
ಪಕ್ಕದವರು ಏಳದೆ ತಾನು ಏಳುವವನಲ್ಲ.
ನನ್ನದರಲ್ಲಿ ಉಂಗುರವೇ ಇಲ್ಲ. ಆದರೂ ಅದೇ ಜಂಬ.

ಎಣಿಸುವುದು ಮನೆಮಾತಲ್ಲಿ: ಒಕಟಿ, ರೆಂಡು, ಮೂಡು, ನಾಲುಗು.
ಟೈಪು ಮಾಡುವುದು ಕನ್ನಡದಲ್ಲಿ.
ಸಿಟ್ಟು ಬಂದಾಗ ಎರಡೂ.

ಅಶ್ವತ್ಥಪ್ಪ ಮೇಷ್ಟ್ರು ಬಜಾರ್ ರಸ್ತೆಯ ಮಹಡಿಯಲ್ಲಿ
ನಮ್ಮ ಕೈಗಳ ಮೇಲೆ ಟವೆಲ್ ಹೊದಿಸಿ ಕಲಿಸಿದರು.
"ತಣ್ಣಗಿನ ಕೈ ಸುಳ್ಳು ಬರೀತದೆ" ಅನ್ನೋರು.
ನಾನು ನಂಬಿರಲಿಲ್ಲ.
ಒಂದು ಜನವರಿ, ಅವಸರದ ಕ್ರಯಪತ್ರ, ಮರಗಟ್ಟಿದ ಬೆರಳು,
ಚಕ್ಕುಬಂದಿಯಲ್ಲಿ ಉತ್ತರದ ಬಾವಿ ದಕ್ಷಿಣಕ್ಕೆ ಹೋಯಿತು.
ತಿದ್ದುಪಡಿ ಪತ್ರ ಬರುವಷ್ಟರಲ್ಲಿ
ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

ಮುದಸ್ಸಿರನಿಗೆ ಇದನ್ನೆಲ್ಲ ಹೇಳಿದೆ.
ಎದ್ದವನೇ ವೇಗದ ಹಾಡಿಗೇ ಕೈಹಾಕುತ್ತಾನೆ,
ಈಗ ಮಣಿಕಟ್ಟಿಗೆ ಬಟ್ಟೆಪಟ್ಟಿ ಸುತ್ತಿಕೊಂಡು ಪ್ರಿಂಟು ಕೊಡುತ್ತಾನೆ.
ನಿಧಾನದ ಹಾಡು ಮೊದಲು ಕಣೋ,
ನಿದ್ದೆ ಬರುವಷ್ಟು ನಿಧಾನದ್ದು.
ಅವನು ನಗುತ್ತಾನೆ. ಇನ್ನೂ ಹತ್ತೊಂಬತ್ತು.

ಒಂದು ಹಾಡು. ಎರಡು. ಮೂರನೆಯದಕ್ಕೆ
ಬೆರಳ ತುದಿಗೆ ಇರುವೆ ಹರಿದಂತೆ ರಕ್ತ ಬರುತ್ತದೆ.
ಆಮೇಲೆ ಬೀಳಲಿ, ಎಷ್ಟು ಬೇಕಾದರೂ ಬೀಳಲಿ!
ಪೂರ್ವಕ್ಕೆ ಡಿ, ಪಶ್ಚಿಮಕ್ಕೆ ಕೆ,
ನಡುವಿನ ಸ್ವತ್ತು ಪೂರ್ತಿ ನನ್ನದು,
ಯಾವ ಋಣಭಾರವೂ ಇಲ್ಲದೆ, ಮೂರು ನಿಮಿಷ

"ಟೈಪಮ್ಮಾ, ಮೆಷಿನ್ನು ನನ್ನ ಒಪ್ತಿಲ್ಲ."

ಬಾಗಿಲಲ್ಲಿ ಪೆರೇಸಂದ್ರದ ಮುನಿಲಕ್ಷ್ಮಮ್ಮ.
ತಂಗಿಗೆ ಎರಡು ಗುಂಟೆ ದಾನಪತ್ರ, ನಿನ್ನೆ ನಾನೇ ಬರೆದದ್ದು.
ಬೆಳಗಿನ ಜಾವ ಸೇವಂತಿಗೆ ಬಿಡಿಸಿ ನೇರ ಬಂದಿದ್ದಾಳೆ,
ಉಗುರಲ್ಲಿ ಹಸಿರು, ಹೆಬ್ಬೆರಳು ನೀರ್ಗಲ್ಲು.
ಒಳಗೆ ನಾಲ್ಕು ಸಲ ಒತ್ತಿಸಿದರಂತೆ,
ನಾಲ್ಕೂ ಸಲ ಕೆಂಪು ದೀಪ.

ಹಾಡು ನಿಲ್ಲಿಸಿ ಅವಳ ಕೈ ತಗೊಂಡೆ.
ಮುಷ್ಟಿ ಕಟ್ಟು, ಬಿಡು. ಒಕಟಿ. ರೆಂಡು.
ನನ್ನ ಅಂಗೈಗಳ ನಡುವೆ ಹೆಬ್ಬೆರಳಿಟ್ಟು ಉಜ್ಜಿದೆ,
ಅವಳು ನಾಚಿಕೊಂಡು ಆಚೀಚೆ ನೋಡಿದಳು.
ಮೂಡು. ನಾಲುಗು.

ಕಿಟಕಿಯ ಒಳಗೆ ಹಸಿರು ಮಿನುಗಿತು.
ಹಿಂದೆ ನಿಂತಿದ್ದ ಮುದಸ್ಸಿರ್,
ಆಟದ ದನಿಯಲ್ಲಿ, "ಪರ್‌ಫೆಕ್ಟ್!"

ವಾಪಸು ಬಂದರೆ
ಬಿಲ್ಲೆಗಳು ಓಣಿಯ ಮಧ್ಯೆ ಹಾಗೇ ನಿಂತಿವೆ.
ನನ್ನ ಬಿಸಿಯೆಲ್ಲ ಪೆರೇಸಂದ್ರದ ಬಸ್ಸು ಹತ್ತಿತು.
ಲೇ, ಇನ್ನೊಂದು ಟೀ ಹೇಳು.
ಮತ್ತೆ ಮೊದಲಿಂದ: ಮುಷ್ಟಿ ಕಟ್ಟು,