ಬೈಟು

ನನ್ನ ಚೀಲದಲ್ಲಿ ಐವತ್ತು ಗ್ರಾಮಿನಿಂದ ಐದು ಕಿಲೋವರೆಗೆ
ಹಿತ್ತಾಳೆ ಬಟ್ಟುಗಳು, ಸೀಸದ ಮುದ್ರೆ, ಸುತ್ತಿಗೆ, ರಸೀದಿ ಪುಸ್ತಕ.
ತೂಕ-ಅಳತೆ ಇಲಾಖೆಯವಳು ನಾನು.
ಕಾಲಿಟ್ಟ ಕೂಡಲೇ ಊರಿನ ತಕ್ಕಡಿಗಳೆಲ್ಲ
ಶಾಲೆ ಮಕ್ಕಳಂತೆ ಕೈಕಟ್ಟಿ ನೆಟ್ಟಗಾಗುತ್ತವೆ;
ಅಂಗಡಿಯವರು ನಗುತ್ತಾರೆ,
ಬೇಕಾದ್ದಕ್ಕಿಂತ ಎರಡು ಹಲ್ಲು ಹೆಚ್ಚು.

ಹಾಗಾಗಿ ಕೆಲಸಕ್ಕೆ ಮೊದಲು ಕಾಫಿ,
ನಾನು ಯಾರೆಂದು ಊರಿಗೆ ಗೊತ್ತಾಗುವ ಮುಂಚೆ.

ಶಿಡ್ಲಘಟ್ಟದಲ್ಲಾದರೆ ಗೂಡಿನ ಮಾರುಕಟ್ಟೆ ಹಿಂದಿನ ಓಣಿ.
ಬೋರ್ಡಿನಲ್ಲಿ 'ಕಾಫಿ ಕ್ಲಬ್' ಅನ್ನುವಷ್ಟು ಉಳಿದಿದೆ,
ಅದರ ಮುಂದಿದ್ದ ದೇವರ ಹೆಸರನ್ನು ಬಿಸಿಲು ಕುಡಿದಿದೆ.
ಬೇಯುವ ಹುಳುವಿನ ಗಬ್ಬು ಓಣಿಯುದ್ದಕ್ಕೂ ಹಿಂದೆ ಬಂದು
ಡಿಕಾಕ್ಷನ್ನಿನ ವಾಸನೆ ಎದುರಾದದ್ದೇ
ಹೊಸಿಲಾಚೆ ಚಪ್ಪಲಿಗಳ ಜೊತೆ ನಿಂತುಬಿಡುತ್ತದೆ.

ಮೊದಲ ಸಲ ಪಿಳ್ಳಣ್ಣ ತಲೆಯೆತ್ತದೆ ಪರದೆ ತೋರಿಸಿದ:
"ಫ್ಯಾಮಿಲಿ ಒಳಗಡೆ."
"ನಾನು ಒಬ್ಬಳೇ."
"ಅದಕ್ಕೇ ಅಮ್ಮ."
ಪರದೆ ಹಿಂದೆ ಈರುಳ್ಳಿ ಮೂಟೆ, ಕೆಟ್ಟುನಿಂತ ಗ್ರೈಂಡರು,
ಮತ್ತು ಒಬ್ಬಳೇ ನಾನೆಂಬ ಫ್ಯಾಮಿಲಿ.
ಎರಡನೇ ಸಲ ಬೆಂಚಿನ ತುದಿಯಲ್ಲಿ ಕೂತೆ,
ರೀಲರುಗಳು ಒಂದು ಮೊಳ ಸರಿದರು.
ಮೂರನೇ ಸಲ ಯಾರೂ ಸರಿಯಲಿಲ್ಲ.
ಅದು ಸರಿ ಅನ್ನಿಸಿತು.

ಬೇಡವೆಂದರೂ ಕಣ್ಣು ಅಳೆಯುತ್ತದೆ, ಹದಿನಾಲ್ಕು ವರ್ಷದ ಚಾಳಿ.
ಗುಡಿಬಂಡೆಯಲ್ಲಿ ಮೇಲಿನೆರಡು ಬೆರಳು ಬರೀ ನೊರೆಯ ಜಂಬ.
ಚಿಂತಾಮಣಿಯದು ಚೆಂದದ ಗಾಜಿನ ಲೋಟ, ತಳ ಮಾತ್ರ
ಸಾಲ ಕೇಳಲು ಬಂದ ನೆಂಟನ ಮಾತಿನಷ್ಟು ದಪ್ಪ.
ಬಾಗೇಪಲ್ಲಿಯ ಸುಬ್ಬರತ್ನಮ್ಮ ಬೆಲ್ಲ ಹಾಕುತ್ತಾಳೆ;
ಅಲ್ಲಿ ಅಳೆಯುವುದು ಮರೆತೇ ಹೋಗುತ್ತದೆ.
ಚಿಕೋರಿ ಎಷ್ಟೆಂದು ನಾಲಿಗೆ ಎಲ್ಲ ಕಡೆಯೂ ಹೇಳುತ್ತದೆ.
ನಾನು ಬರೆದುಕೊಳ್ಳುವುದಿಲ್ಲ.

ಆದರೆ ಇಲ್ಲಿ, ಹರಾಜು ಮುಗಿದ ಹನ್ನೊಂದಕ್ಕೆ,
ಗೂಡು ಮಾರಿದ ದ್ಯಾವಪ್ಪ, ಗೂಡು ಕೊಂಡ ಇನಾಯತ್,
ಗಟ್ಟಿ ಎಷ್ಟು ಜೊಳ್ಳು ಎಷ್ಟೆಂದು ಬೆಳಗೆಲ್ಲ ಕಿತ್ತಾಡಿದವರು,
ಎದುರುಬದುರು ಕೂತು ಕೂಗುತ್ತಾರೆ:
"ಒಂದು ಬೈಟು!"

ಪಿಳ್ಳಣ್ಣ ಎರಡು ಲೋಟ ಇಟ್ಟು ಹುಯ್ಯುತ್ತಾನೆ.
ಒಂದು ಅರ್ಧ ದಾಟಿತು.
ಇನ್ನೊಂದಕ್ಕೆ ಕಡಿಮೆಯಾಯಿತಲ್ಲ, ಪಾತ್ರೆಯಿಂದ ಒಂದಿಷ್ಟು.
ಈಗ ಅದು ಜಾಸ್ತಿ. ಇದಕ್ಕೂ ಒಂದಿಷ್ಟು.
ಅರವತ್ತೈದು, ಅರವತ್ತೈದು.
ಇದೇ ಹೋಟೆಲಿನ ಫುಲ್ ಕಾಫಿ ನೂರು.

"ನಷ್ಟ ಅಲ್ವಾ ಪಿಳ್ಳಣ್ಣ?"
ಹೆಗಲ ಟವಲಿಗೆ ಕೈ ಒರೆಸಿ, ಅರ್ಧ ತೆಲುಗಲ್ಲಿ ಅಂದ:
"ನಷ್ಟಮೇ ಅಮ್ಮಾ.
ಏನ್ ಮಾಡೋದು, ಇಬ್ಬರ ಲೋಟಾನೂ ಇಬ್ಬರೂ ನೋಡ್ತಾರೆ."

ಕಡಿಮೆ ಕೊಟ್ಟವನಿಗೆ ದಂಡ ಎಷ್ಟೆಂದು ನನಗೆ ಬಾಯಿಪಾಠ.
ಜಾಸ್ತಿ ಕೊಟ್ಟವನನ್ನು ಏನು ಮಾಡಬೇಕು,
ನಾನು ಓದಿದ ಪುಟಗಳಲ್ಲಿ ಸಿಕ್ಕಿಲ್ಲ.

ಕಳೆದ ವರ್ಷ ಅವನ ಪುಡಿ ತಕ್ಕಡಿಗೆ ಮುದ್ರೆ ಒತ್ತುವ ಸರದಿ ಬಂತು.
ಕಾಲು ಕಿಲೋಗೆ ಆರು ಗ್ರಾಮು ತಪ್ಪು,
ಗಿರಾಕಿಯ ಕಡೆಗೆ.
ತಪ್ಪು ತಪ್ಪೇ. ಮುಳ್ಳು ನಡುವಿಗೆ ತಂದೆ,
ಸೀಸ ಬಡಿದೆ, ಶುಲ್ಕ ಕಟ್ಟಿಸಿಕೊಂಡೆ.
ನನ್ನೆದುರೇ ಮೊದಲ ಪೊಟ್ಟಣ ಸರಿಯಾಗಿ ತೂಗಿ
ಮೇಲೊಂದು ಚಿಟಿಕೆ ಕೊಸರು ಹಾಕಿ
ದಾರ ಸುತ್ತಿದ.
ನಾನು ಗೋಡೆಯ ಕ್ಯಾಲೆಂಡರಿನಲ್ಲಿ
ಅಮಾವಾಸ್ಯೆ ಹುಡುಕುತ್ತಿದ್ದೆ.

ಇವತ್ತು ದ್ಯಾವಪ್ಪ ಬಂದಿಲ್ಲ, ಹುಳ ನಾಲ್ಕನೇ ಜ್ವರದಲ್ಲಿವೆಯಂತೆ.
ಇನಾಯತ್ ಎದುರಿನ ಖಾಲಿ ಬೆಂಚು ನೋಡಿದ, ನನ್ನ ನೋಡಿದ,
ಎರಡು ಸಲ ಗಂಟಲು ಸರಿಮಾಡಿಕೊಂಡು
"ಮೇಡಂ, ಬೈಟು?"

ಇಷ್ಟು ವರ್ಷ ಒಂದು ಗುಟುಕೂ ಬಿಟ್ಟಿ ಕುಡಿದವಳಲ್ಲ.
ನನ್ನ ಪಾಲಿನ ದುಡ್ಡು ಮೊದಲೇ ಮೇಜಿನ ಮೇಲಿಟ್ಟೆ.
ಹಬೆಯಾಡುವ ಎರಡು ಲೋಟ ಬಂದವು.
ನಾನು ಅವನದನ್ನು ನೋಡಿದೆ.
ಅವನು ನನ್ನದನ್ನು.