ಮೂರನೇ ಗೇಟಿನ ಲೆಕ್ಕ

ಪರೇಲಿನ ಆಸ್ಪತ್ರೆಯೊಂದರ ವೆಬ್‌ಸೈಟು
ಹೊಸದಾಗಿ ಕಟ್ಟಿಕೊಡಬೇಕಿತ್ತು ನಾನು.
ಹಳೆಯದರ ಮುಖಪುಟದಲ್ಲಿ
ಟ್ರಸ್ಟಿಗಳು ಹನ್ನೊಂದು ಜನ, ಹೂಗುಚ್ಛ ಸಮೇತ,
ಒಬ್ಬರ ಹಿಂದೊಬ್ಬರು ತಾವಾಗಿಯೇ ಸರಿಯುತ್ತಿದ್ದರು.
ಓಪಿಡಿ ವೇಳೆ ಮಾತ್ರ
ಆರನೇ ಕ್ಲಿಕ್ಕಿನಾಚೆ, ಯಾವುದೋ ಪಿಡಿಎಫ್‌ನಲ್ಲಿ,
ಅಡ್ಡ ಮಲಗಿತ್ತು.

ಲ್ಯಾಪ್‌ಟಾಪು ಮುಚ್ಚಿ ಮೂರನೇ ಗೇಟಿಗೆ ಹೋದೆ.
ಇಪ್ಪತ್ತೆರಡು ವರ್ಷದಿಂದ ಅದೇ ಸ್ಟೂಲಿನ ಮೇಲೆ
ವಾಚ್‌ಮನ್ ಶೇಲಾರ್ ಮಾಮಾ.
ಬಂದವರು ಬಾಯಿ ತೆರೆಯುವ ಮೊದಲೇ
ಕೈಯಲ್ಲಿನ ಚೀಟಿಯ ಬಣ್ಣ ನೋಡುತ್ತಾರೆ:
ಗುಲಾಬಿಯೇ? ರಕ್ತದ ರಿಪೋರ್ಟು. ಸೀದಾ ಹೋಗಿ,
ತೊಟ್ಟಿಕ್ಕುವ ನಲ್ಲಿ ಸಿಗುತ್ತೆ, ಎಡಕ್ಕೆ ಹಳದಿ ಬಾಗಿಲು.

ನನ್ನನ್ನು ತಾಯಿ ಅನ್ನುತ್ತಾರೆ,
ಅವರ ಭಾಷೆಯಲ್ಲಿ ಅಕ್ಕ, ನನ್ನದರಲ್ಲಿ ಅಮ್ಮ.
ರೇಡಿಯಾಲಜಿ ಅಂತ ಬರೆದರೆ ಯಾರಿಗೆ ತಿಳೀತದೆ ತಾಯಿ,
ಫೋಟೋ ತೆಗೆಯೋ ಖೋಲಿ ಅನ್ನಿ,
ಸಾತಾರೆಯ ಅಜ್ಜಿಯೂ ಮುಟ್ಟುತ್ತಾಳೆ.

ಎರಡು ದಿನ ಪಕ್ಕದಲ್ಲಿ ಕೂತು ಗೆರೆ ಎಳೆದೆ,
ಹಾಲಿನವಳು ಗೋಡೆಗೆ ಎಳೆಯುವ ಹಾಗೆ.
ರಿಪೋರ್ಟು ಕೇಳಿದವರು ನಲವತ್ತೊಂದು,
ಶೌಚಾಲಯ ಮೂವತ್ತು,
ಆಮೇಲೆ ಅಗ್ಗದ ಔಷಧಿ, ರಾತ್ರಿ ಮಲಗಲು ಜಾಗ,
ಫೋನು ಚಾರ್ಜಿಗಿಡುವುದೆಲ್ಲಿ.
'ನಮ್ಮ ಧ್ಯೇಯ' ಯಾರಿಗೂ ಬೇಕಿರಲಿಲ್ಲ.

ಎರಡನೇ ಸಂಜೆ ಒಬ್ಬ ಬಂದ.
ಚೀಟಿಯಿಲ್ಲ. ಕೈಯಲ್ಲಿ ಹೆಂಗಸಿನ ಒಂದು ಜೊತೆ ಚಪ್ಪಲಿ.
ಏನೂ ಕೇಳಲಿಲ್ಲ.
ಮಾಮಾ ಸ್ಟೂಲು ಬಿಟ್ಟೆದ್ದರು. ದಾರಿ ಹೇಳಲಿಲ್ಲ,
ಅವನ ಒಂದು ಹೆಜ್ಜೆ ಮುಂದೆ ನಡೆದರು
ಕ್ಯಾಂಟೀನಿನ ಹಿಂದೆ, ಬೋರ್ಡಿಲ್ಲದ ಆ ಶೆಡ್ಡಿನ ತನಕ.
ಹತ್ತು ನಿಮಿಷ ಗೇಟಿಗೆ ನಾನೇ ವಾಚ್‌ಮನ್.
ಕೇಳಿದ ನಾಲ್ವರಿಗೂ ತಪ್ಪು ದಾರಿ ಹೇಳಿದೆ.

ಈಗ ಹೊಸ ಸೈಟಿನಲ್ಲಿ ಹಳದಿ ಗುಂಡಿಯೊಂದಿದೆ,
ಹೆಬ್ಬೆರಳಿನಷ್ಟು ಅಗಲ.
ನಾವೆಲ್ಲಿ, ಎಂದರು ವಾಡೀಕರ್ ಸಾಹೇಬರು ಮೀಟಿಂಗಿನಲ್ಲಿ.
ಕೆಳಗಿದ್ದೀರಿ ಸರ್, ಹುಡುಕಿದರೆ ಸಿಗುತ್ತೀರಿ.

ಒಂದು ಪುಟಕ್ಕೆ ಮಾತ್ರ ಹೆಸರು ಹೊಳೆಯಲಿಲ್ಲ.
ಶವಾಗಾರ ಎಂದು ಬರೆದೆ, ಅಳಿಸಿದೆ.
ದಪ್ಪಕ್ಷರ ಬೇಡ, ಬಚ್ಚಿಡಲೂ ಬಾರದು.
ಕೊನೆಗೆ ಇಷ್ಟೇ ಉಳಿಸಿದೆ:
ಮೂರನೇ ಗೇಟಿಗೆ ಬನ್ನಿ. ಜೊತೆಗೆ ಬರುತ್ತಾರೆ.

ಮಾಮಾನಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ
ಎರಡು ಸಲ ಓದಿದರು.
ರಾತ್ರಿ ಪಾಳಿಯ ಹುಡುಗ ಹೊಸಬ, ಎಂದರು,
ಅವನಿಗೆ ಹೇಳಿದ್ದೀರಾ?